ಪೆಟ್ಟಿಗೆಯ ಮೇಲೊಂದು ಹೆಸರು

ಶೆಬಾಯ್ಗನ್, ವಿಸ್ಕಾನ್ಸಿನ್
8 ಮಾರ್ಚ್ 1982

ನೋರೀನ್‌ಗೆ,

ನಾನು ಹೆಡ್ವಿಗ್ ರೀಂಡರ್ಸ್. ನಿನ್ನ ಗಂಡನ ತಾಯಿ ಎಂಬುದು ಆಮೇಲಿನ ಮಾತು. ಮೊದಲು ನಾನು ರೀಂಡರ್ಸ್ ಆಟಿಕೆ ಕಾರ್ಖಾನೆಯ ಯಜಮಾನಿ. ನಮ್ಮ ಮರದ ಕುದುರೆಯ ಮೇಲೆ ಕೂರದೆ ಬೆಳೆದ ಮಗು ಈ ಊರಿನಲ್ಲಿ ಇದ್ದರೆ ಅದು ಬೇರೆ ಊರಿನಿಂದ ಬಂದದ್ದು. ಹೈಸ್ಕೂಲು ಮುಗಿಸಿದ ವರ್ಷವೇ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಾಗಿಲು ತೆರೆದವಳೂ ನಾನೇ. ಇದೆಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹೋದ ತಿಂಗಳು ನನ್ನ ಅಡುಗೆಮನೆಯಲ್ಲಿ ನಿಂತು ಮಾತಾಡಿದಾಗ ನಿನಗೆ ಅದು ಮರೆತುಹೋದಂತಿತ್ತು.

“ಆ ಟೀವಿ ಆಟ ಮಾಡಿದ್ದು ನಾನು, ಅತ್ತೆ. ಪೆಟ್ಟಿಗೆ ಮೇಲೆ ನನ್ನ ಹೆಸರು ಬರ್ಬೇಕು” ಎಂದೆ ನೀನು.

“ಬರಲ್ಲ” ಎಂದೆ ನಾನು.

“ಹಾಗಾದ್ರೆ ನಾನೂ ಇಲ್ಲಿರಲ್ಲ.”

ಒಲೆಯ ಮೇಲಿದ್ದ ಸಾಸೇಜನ್ನು ಸೀಯಲು ಬಿಟ್ಟು ಕಾರು ಹತ್ತಿ ಡುಲೂತಿನಲ್ಲಿರುವ ನಿನ್ನ ಅಕ್ಕನ ಮನೆಗೆ ಹೋದೆ ನೀನು. ಕಾನ್ರಾಡ್ ಬಾಗಿಲಲ್ಲೇ ನಿಂತಿದ್ದ. ನಿನ್ನ ಕಡೆಗೂ ಬರಲಿಲ್ಲ, ನನ್ನ ಕಡೆಗೂ ಬರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಹೇಳಿಕೊಳ್ಳಲು ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತು.

ಉತ್ತರವನ್ನು ಬರಹದಲ್ಲೇ ಇಟ್ಟುಕೋ. ನಮ್ಮ ಆಟಿಕೆಯ ಮೇಲೆ ಇರುವುದು ಒಂದೇ ಹೆಸರು. ನನ್ನ ಮಾವನವರು ಆ ಹೆಸರಿನ ಕಬ್ಬಿಣದ ಅಚ್ಚನ್ನು ಕೆಂಪಗೆ ಕಾಯಿಸಿ ಪ್ರತಿಯೊಂದು ಕುದುರೆಯ ಹೊಟ್ಟೆಗೂ ತಾವೇ ಒತ್ತುತ್ತಿದ್ದರು. ಕೆತ್ತಿದವರು ಯಾರು, ಬಣ್ಣ ಬಳಿದವರು ಯಾರು ಎಂದು ಯಾವ ಮಗುವೂ ಕೇಳಿಲ್ಲ. ಈಗ ಮರ ಹೋಗಿ ಪ್ಲಾಸ್ಟಿಕ್ ಬಂದಿದೆ, ಟೀವಿಗೆ ಜೋಡಿಸುವ ಆಟದ ಯಂತ್ರ ಬಂದಿದೆ, ಅದರ ಬಾಯಿಗೆ ಸಿಕ್ಕಿಸುವ ಕ್ಯಾಸೆಟ್ಟನ್ನು ನಾವೂ ಮಾಡಹೊರಟಿದ್ದೇವೆ. ಹೆಸರಿನ ಪದ್ಧತಿ ಬದಲಾಗಿಲ್ಲ.

ಆಟ ಮುಗಿಸಿಕೊಡುವುದಾಗಿ ಸಹಿ ಹಾಕಿದ್ದೀಯೆ. ಅಲ್ಲಿಯೇ ಕೂತು ಮುಗಿಸು. ಕಾನ್ರಾಡ್ ಬಂದು ತರುತ್ತಾನೆ. ಆಟದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವ ಇಬ್ಬರಲ್ಲಿ ಒಬ್ಬನ ಕೋಟು ನಮ್ಮ ಮನೆತನದ ಕೆಂಪು, ಇನ್ನೊಬ್ಬನದು ನಮ್ಮ ಹಸಿರು ಇರಬೇಕು. ಬಣ್ಣದ ಚೂರುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಹತ್ತಿರದ ಬಣ್ಣ ನಡೆಯುವುದಿಲ್ಲ, ಅದೇ ಬಣ್ಣ ಬೇಕು.

ಹೆಡ್ವಿಗ್ ರೀಂಡರ್ಸ್


ಡುಲೂತ್, ಮಿನೆಸೋಟ
19 ಮಾರ್ಚ್ 1982

ಅತ್ತೆಯವರಿಗೆ,

ಸಾಸೇಜು ಸೀದುಹೋದದ್ದಕ್ಕೆ ನನಗೆ ಬೇಸರವಿಲ್ಲ.

ಆಟ ಮುಗಿಸಿಕೊಡುತ್ತೇನೆ. ಸಹಿ ಹಾಕಿದ್ದೇನೆ ಎಂಬ ಕಾರಣಕ್ಕಲ್ಲ. ಅರ್ಧ ಮಾಡಿದ ಕೆಲಸವನ್ನು ಬಿಟ್ಟು ಬಂದವಳು ಎಂದು ನೀವು ನಿಮ್ಮ ಇಸ್ಪೀಟು ಮೇಜಿನ ಸುತ್ತ ಹೇಳಿಕೊಂಡು ತಿರುಗಬಾರದು ಎಂಬ ಕಾರಣಕ್ಕೆ.

ನಾನು ಏನು ಮಾಡುತ್ತೇನೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕಾರ್ಖಾನೆಯ ಬಣ್ಣದ ಕೋಣೆಯ ಮೇಲಿನ ಅಟ್ಟದಲ್ಲಿ ವರ್ಷವಿಡೀ ಕೂತಿದ್ದೆ. ಊಟದ ಗಂಟೆ ಹೊಡೆದಾಗ “ಕೂತು ಕೂತು ಬೆನ್ನು ಬಗ್ಗೋಯ್ತೇನೋ ರಾಣಿಗೆ” ಎಂದು ಕೆಳಗಿನಿಂದ ಕೂಗುತ್ತಿದ್ದಿರಿ. ಈಗ ಹೇಳುತ್ತೇನೆ, ಕೇಳಿ. ಆ ಯಂತ್ರಕ್ಕೆ ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಇಲ್ಲ. ಟೀವಿಯ ಬೆಳಕು ಒಂದೊಂದೇ ಗೆರೆಯಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಯಂತ್ರಕ್ಕೆಂದು ನಾನು ಬರೆಯುವ ಆಜ್ಞೆಗಳ ಬರಹ ಅದರ ಜೊತೆಗೇ ಓಡಬೇಕು. ಈ ಗೆರೆಯಲ್ಲಿ ಮಂಜು, ಇಲ್ಲಿ ತೂತು, ಇಲ್ಲಿ ಮೀನಿನ ಬೆನ್ನು ಎಂದು ಪ್ರತಿ ಗೆರೆಗೂ ಮೊದಲೇ ಹೇಳಬೇಕು. ಒಂದು ತುಸು ತಡವಾದರೆ ಮೀನು ಹರಿದುಹೋಗುತ್ತದೆ. ನೀವು ಚಳಿಗಾಲದಲ್ಲಿ ಹೆಣೆಯುವ ಸ್ವೆಟರನ್ನು ಯಾರೋ ಕೆಳಗಿನಿಂದ ಬಿಚ್ಚುತ್ತಲೇ ಇದ್ದು, ಆದರೂ ಅದು ಸ್ವೆಟರಾಗಿಯೇ ಕಾಣಬೇಕೆಂದರೆ ಹೇಗೆ ಹೆಣೆಯುತ್ತಿದ್ದಿರಿ? ಅದು ನನ್ನ ಕೆಲಸ.

ಪೆಟ್ಟಿಗೆಯ ಮುಖಚಿತ್ರ ಬರೆದ ಮಿಲ್ವಾಕೀ ಊರಿನ ಕಲಾವಿದ ಮೂಲೆಯಲ್ಲಿ ತನ್ನ ಸಹಿ ಹಾಕಿದ್ದಾನೆ. ಅದನ್ನು ನೀವು ಅಳಿಸಲಿಲ್ಲ. ಅವನು ನನ್ನ ಆಟವನ್ನು ನೋಡಿಯೂ ಇಲ್ಲ.

ನೋರೀನ್


ಶೆಬಾಯ್ಗನ್
3 ಮೇ 1982

ನೋರೀನ್‌ಗೆ,

ಕಾನ್ರಾಡ್ ತಂದದ್ದನ್ನು ಅವನ ಕೋಣೆಯ ಬಣ್ಣದ ಟೀವಿಯಲ್ಲಿ ನೋಡಿದೆ. ಮೀನು ಚೆನ್ನಾಗಿದೆ. ಚಳಿಗೆ ಹೆಪ್ಪುಗಟ್ಟಿದ ವಿನೆಬೇಗೊ ಸರೋವರದ ಮೇಲೆ ಗುಡಿಸಲು ಹಾಕಿ ಕೂತು ಸ್ಟರ್ಜನ್ ಮೀನಿಗೆ ಕಾದವರಿಗೆ ಅದು ಕೆಳಗೆ ನೆರಳಿನಂತೆ ಬರುವ ರೀತಿ ಗೊತ್ತು. ನೀನು ಹಾಗೆಯೇ ಬರಿಸಿದ್ದೀಯೆ. ನನ್ನ ಗಂಡ ಇದ್ದಿದ್ದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಈಗ ಕೆಲಸದ ಮಾತು. ಈ ಊರಿನಲ್ಲಿ ಹೊಸ ಬಣ್ಣದ ಟೀವಿ ಬಂದರೆ ಅದು ಅಪ್ಪನ ಕುರ್ಚಿಯ ಮುಂದೆ ಕೂರುತ್ತದೆ. ಹಳೆಯ ಕಪ್ಪು-ಬಿಳುಪಿನದು ನೆಲಮಾಳಿಗೆಗೆ ಇಳಿಯುತ್ತದೆ. ಮಕ್ಕಳೂ ಆಟದ ಯಂತ್ರ ಹಿಡಿದು ಅದರ ಹಿಂದೆಯೇ ಇಳಿಯುತ್ತಾರೆ. ಆಟದ ಯಂತ್ರದ ಮೇಲೆ ಕಪ್ಪು-ಬಿಳುಪಿಗೆಂದು ಒಂದು ಗುಂಡಿ ಇದೆ. ನಮ್ಮ ಆಟ ಆ ಟೀವಿಯಲ್ಲೂ ಸರಿಯಾಗಿ ಕಾಣಬೇಕು. ಅಪ್ಪನ ಟೀವಿ ಸಿಗದ ಮಗುವೂ ನಮ್ಮ ಗಿರಾಕಿಯೇ.

ಹೆ. ರೀಂಡರ್ಸ್


ಡುಲೂತ್
14 ಮೇ 1982

ಅತ್ತೆಯವರಿಗೆ,

ಆ ಗುಂಡಿ ತಾನಾಗಿ ಏನನ್ನೂ ಮಾಡುವುದಿಲ್ಲ. ಯಾರಾದರೂ ಅದನ್ನು ತಿರುಗಿಸಿದ್ದಾರೆಯೇ ಎಂದು ನನ್ನ ಬರಹವೇ ನೋಡಿಕೊಂಡು, ಪ್ರತಿಯೊಂದಕ್ಕೂ ಬೇರೆ ಛಾಯೆ ಹಾಕಬೇಕು. ಅದಕ್ಕೆ ಕ್ಯಾಸೆಟ್ಟಿನೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಜಾಗ ಬೇಕು. ಜಾಗ ಇಲ್ಲ. ಕಾರ್ಖಾನೆಗೆ ಒಯ್ಯುವ ಊಟದ ಡಬ್ಬಿಯಷ್ಟು ಜಾಗದಲ್ಲಿ ಆಗಲೇ ಇಡೀ ಸರೋವರವನ್ನು ತುಂಬಿದ್ದೇನೆ.

ಮತ್ತೊಂದು ಮಾತು. ನೀವು ಕಳಿಸಿದ ಕೆಂಪೂ ನೀವು ಕಳಿಸಿದ ಹಸಿರೂ ಕಪ್ಪು-ಬಿಳುಪು ಟೀವಿಯಲ್ಲಿ ಒಂದೇ ಬೂದಿ ಬಣ್ಣ. ಬೇರೆ ಕೆಂಪು ಹಾಕಲು ಬಿಡಿ, ಅಥವಾ ಏನನ್ನಾದರೂ ತೆಗೆಯಲು ಹೇಳಿ. ಯಾವುದನ್ನು ತೆಗೆಯಲಿ? ಮೀನನ್ನೇ?

ನೋರೀನ್


ಶೆಬಾಯ್ಗನ್
20 ಮೇ 1982

ನೋರೀನ್‌ಗೆ,

ಮೀನು ಇರಲಿ. ಕೆಂಪು ಇರಲಿ. ಹಸಿರು ಇರಲಿ. ಕಪ್ಪು-ಬಿಳುಪೂ ಇರಲಿ.

ಜಾಗ ಹುಡುಕು. ಹೆಸರು ಬೇಕೆನ್ನುವವಳಿಗೆ ಅಷ್ಟು ಕೈಯೂ ಇರಬೇಕು.

ಹೆ. ರೀಂಡರ್ಸ್


ಡುಲೂತ್
17 ಜೂನ್ 1982

ಅತ್ತೆಯವರಿಗೆ,

ಜಾಗ ಸಿಕ್ಕಿತು. ಆಟ ಮುಗಿಯಿತು. ಕಾನ್ರಾಡ್ ಕೈಯಲ್ಲಿ ಕಳಿಸಿದ್ದೇನೆ, ಚಿಪ್ ಕಾರ್ಖಾನೆಗೆ ಕಳಿಸಿಕೊಡಿ. ಒಮ್ಮೆ ಅವರು ಅಚ್ಚು ಮಾಡಿದ ಮೇಲೆ ಒಳಗಿನದನ್ನು ದೇವರೂ ತಿದ್ದಲಾರ, ಅದು ನೆನಪಿರಲಿ.

ನೋರೀನ್


ಶೆಬಾಯ್ಗನ್
27 ಸೆಪ್ಟೆಂಬರ್ 1982

ನೋರೀನ್,

ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ.

ಹೋದ ವಾರ ಕ್ಯಾಸೆಟ್ಟುಗಳು ಸಿದ್ಧವಾದವು. ಅಂಗಡಿಗಳಿಗೆ ಹೋಗುವ ಮೊದಲು ಒಂದನ್ನು ನಮ್ಮ ಚರ್ಚಿನ ಮಕ್ಕಳ ಕೈಗೆ ಕೊಡುವುದು ನನ್ನ ಮಾವನವರ ಕಾಲದಿಂದ ನಡೆದುಬಂದದ್ದು. ನಿನ್ನೆ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಸೇಬಿನ ಕೇಕು. ಅಲ್ಲಿರುವುದು ಹಳೆಯ ಕಪ್ಪು-ಬಿಳುಪಿನ ಟೀವಿ. ಆ ಗುಂಡಿಯನ್ನು ಕಪ್ಪು-ಬಿಳುಪಿಗೆ ತಿರುಗಿಸಿಟ್ಟವಳು ನಾನೇ. ಪಾದ್ರಿಗಳ ಇಬ್ಬರು ಹುಡುಗರು ಆಡಲು ಕೂತರು. ನಾನು ಹಿಂದೆ ಕೈಕಟ್ಟಿ ನಿಂತಿದ್ದೆ. ಹೆಮ್ಮೆಯಿಂದ ನಿಂತಿದ್ದೆ ಎಂದು ಬರೆಯಲು ನನಗೇನೂ ಸಂಕೋಚವಿಲ್ಲ.

“ಏ, ಅದು ನಾನು ಕಣೋ!”

“ಅಲ್ವೋ, ನಾನು! ನೀನು ಆಗ್ಲೇ ನೀರಿಗೆ ಬಿದ್ಯಲ್ಲ!”

“ಬಿದ್ದಿದ್ದು ನೀನು, ಹಂದಿ!”

“ಅಮ್ಮಾ! ನನ್ನ ಮೀನು ಕದೀತಿದಾನೆ ಇವ್ನು!”

ಮಂಜಿನ ಮೇಲೆ ಇಬ್ಬರು ಮೀನುಗಾರರು, ಇಬ್ಬರೂ ಒಂದೇ ಬೂದಿ. ಯಾರು ಯಾರೆಂದು ನನಗೂ ತಿಳಿಯಲಿಲ್ಲ. ದೊಡ್ಡವನು ಚಿಕ್ಕವನ ಮೂಗಿಗೆ ಹೊಡೆದ. ಭಾನುವಾರದ ಬಿಳಿ ಅಂಗಿಯ ಮೇಲೆ ರಕ್ತ. ಪಾದ್ರಿಗಳ ಹೆಂಡತಿ ಕರವಸ್ತ್ರ ಒತ್ತುತ್ತ ನನ್ನ ಕಡೆ ತಿರುಗಿ, “ಆಟ ಕೆಟ್ಟಿದೆಯೇನ್ರೀ, ಹೆಡ್ವಿಗ್?” ಎಂದಳು.

ರೀಂಡರ್ಸ್ ಆಟಿಕೆ ಕೆಟ್ಟಿದೆಯೇ ಎಂದು ಈ ಊರಿನಲ್ಲಿ ಇದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಇನ್ನೂ ಮುಗಿಯಲಿಲ್ಲ. ಹುಡುಗರನ್ನು ಎಳೆದೊಯ್ದ ಮೇಲೆ ಅವರ ಅಕ್ಕ ಒಬ್ಬಳೇ ಕೂತಳು. ಎಲ್ಲರೂ ಮೀನು ಹಿಡಿಯುವ ಕಡೆ ಬಿಟ್ಟು, ಯಾರೂ ಹೋಗದ ಮೂಲೆಯಲ್ಲಿ ಸುಮ್ಮನೆ ಮಂಜುಗಡ್ಡೆ ಕೊರೆಯುತ್ತ ಹೋದಳು. ಕೊರೆದಷ್ಟೂ ತೂತು ದೊಡ್ಡದಾಯಿತು. ಕೊನೆಗೆ ಅದರೊಳಗಿಂದ ಮೀನಿನ ಬದಲು ಅಕ್ಷರಗಳು ತೇಲಿ ಬಂದವು. “ಹೆಡ್ವಿಗ್ ಅಜ್ಜಿ, ನೋರೀನ್ ಅಂದ್ರೆ ಯಾರು?” ಎಂದಳು.

ಮನೆಗೆ ಬಂದು ಕಾನ್ರಾಡನನ್ನು ಕೂರಿಸಿದೆ. ಅವನ ಮುಖ ಟೊಮೇಟೊ ಹಣ್ಣಾಗಿತ್ತು.

“ನಿಂಗೆ ಗೊತ್ತಿತ್ತಾ?”

“ಅಮ್ಮ, ನನ್ನ ಟೀವಿಲಿ ಚೆನ್ನಾಗೇ ಕಾಣ್ತಿತ್ತು...”

“ಅದಲ್ಲ ಕೇಳಿದ್ದು. ಆ ಹೆಸರು ಕೂರಿಸೋಕೆ ಎಷ್ಟು ಜಾಗ ಬೇಕು?”

ಅವನು ಮೇಜುಬಟ್ಟೆಯ ಅಂಚನ್ನು ಸುರುಳಿ ಸುತ್ತಿದ. “ಕಪ್ಪು-ಬಿಳುಪು ಟೀವಿಗೆ ಆ ಬೇರೆ ಬೇರೆ ಬೂದಿ ಬಣ್ಣಗಳಿಗೆ ಬೇಕಾಗಿತ್ತಲ್ಲ, ಹೆಚ್ಚುಕಮ್ಮಿ ಅಷ್ಟೇ.”

ಹಾಗಾದರೆ ನೀನು ಹುಡುಕಿದ ಜಾಗ ಇದು. ನೆಲಮಾಳಿಗೆಯ ಮಕ್ಕಳ ಕಣ್ಣಿಗೆ ಮಣ್ಣೆರಚಿ ಆ ಮಣ್ಣಿನಲ್ಲಿ ನಿನ್ನ ಹೆಸರು ಬರೆದುಕೊಂಡೆ. ಕಳ್ಳರು ಮನೆಯೊಳಗೆ ಹೆಸರು ಬರೆದು ಹೋಗುವುದನ್ನು ನಾನು ಕೇಳಿರಲಿಲ್ಲ.

ಹೆಡ್ವಿಗ್ ರೀಂಡರ್ಸ್


ಡುಲೂತ್
6 ಅಕ್ಟೋಬರ್ 1982

ಅತ್ತೆಯವರಿಗೆ,

ಹೌದು, ನಾನೇ ಮಾಡಿದೆ. ಎರಡರಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ನಾನು ನನ್ನ ಹೆಸರನ್ನು ಆರಿಸಿಕೊಂಡೆ. ಕಾನ್ರಾಡನನ್ನು ಬಯ್ಯಬೇಡಿ. ಅವನು ಯಾವುದನ್ನೂ ಆರಿಸಿಕೊಳ್ಳುವವನಲ್ಲ, ಅದು ನಮ್ಮಿಬ್ಬರಿಗೂ ಗೊತ್ತು.

ಕಳ್ಳಿ ಎನ್ನುತ್ತೀರಿ. ಹೊರಗೆ ಬರೆಯಲು ಕೇಳಿದೆ, ನೀವು ಬಿಡಲಿಲ್ಲ. ಬೇರೆ ಕೆಂಪು ಕೇಳಿದೆ, ಅದಕ್ಕೂ ಬಿಡಲಿಲ್ಲ. “ಹೆಸರು ಬೇಕೆನ್ನುವವಳಿಗೆ ಅಷ್ಟು ಕೈಯೂ ಇರಬೇಕು” ಎಂದು ಬರೆದವರು ನೀವು. ಆ ಪತ್ರ ಓದಿದ ದಿನವೇ ತೀರ್ಮಾನ ಮಾಡಿದೆ. ಅಲ್ಲಿಯವರೆಗೆ ಮಾಡಿರಲಿಲ್ಲ.

ಈಗ ನಾನೊಂದು ಕೇಳುತ್ತೇನೆ. ಕಾನ್ರಾಡ್ ಚಿಕ್ಕವನಿದ್ದಾಗ ಆಡಿದ ಮರದ ಕುದುರೆ ಇಲ್ಲಿದೆ. ಮದುವೆಯಾದಾಗ ಅವನೇ ನನಗೆ ಕೊಟ್ಟದ್ದು, ಆಟ ಒಯ್ಯಲು ಬಂದಾಗ ಇಲ್ಲಿಗೆ ತಂದವನೂ ಅವನೇ. ಮೊನ್ನೆ ಅಕ್ಕನ ಮಗಳು ಅದನ್ನು ತಲೆಕೆಳಗು ಮಾಡಿ ಆಡುವಾಗ, ಎಡಗಿವಿಯ ಒಳಗೆ ಒಂದು ನೀಲಿ ಚುಕ್ಕೆ ಕಂಡಿತು. ಅಕ್ಕನ ಪಕ್ಕದ ಮನೆಯವರ ಬಳಿಯೂ ಒಂದು ರೀಂಡರ್ಸ್ ಕುದುರೆ ಇದೆ. ಹೋಗಿ ನೋಡಿದೆ, ಅದರ ಕಿವಿ ಬರಿದು. ಫೋನು ಮಾಡಿ ಕಾನ್ರಾಡನನ್ನು ಕೇಳಿದೆ. “ಅಯ್ಯೋ, ಅದು ಅಮ್ಮ ಕಣ್ಣು ಬರೆದ ಕುದುರೆ. ಅಮ್ಮನ ಕುದುರೆಗಳಿಗೆಲ್ಲ ಇರುತ್ತೆ” ಎಂದ, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ.

ಒಂದೇ ಹೆಸರಿನ ಮನೆ ಎಂದಿರಿ. ನಿಮ್ಮ ಮಾವನವರು ಹೊಟ್ಟೆಗೆ ಅಚ್ಚು ಒತ್ತುತ್ತಿದ್ದಾಗ ನೀವು ಕಿವಿಯೊಳಗೆ ಏನು ಬರೆಯುತ್ತಿದ್ದಿರಿ? ಕಳ್ಳಿ ಎಂಬ ಮಾತನ್ನು ಈಗ ಇನ್ನೊಮ್ಮೆ ಬರೆದು ಕಳಿಸಿ. ಕೈ ನಡುಗುತ್ತದೆಯೇ ನೋಡುತ್ತೇನೆ.

ನೋರೀನ್


ಶೆಬಾಯ್ಗನ್
21 ಅಕ್ಟೋಬರ್ 1982

ನೋರೀನ್‌ಗೆ,

ನನ್ನ ಕೈ ನಡುಗುವುದಿಲ್ಲ. ಕುದುರೆಯ ಕಣ್ಣು ಬರೆದ ಕೈ ಇದು. ಒಂದೇ ಎಳೆಯ ಕುಂಚದಲ್ಲಿ ಕಣ್ಣಿನ ಹೊಳಪು ಇಡುವಾಗ ಉಸಿರು ಬಿಡುವಂತಿಲ್ಲ.

ನೀಲಿ ಚುಕ್ಕೆ ನನ್ನದೇ. ಮಾವನವರು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಗಂಡ ನೋಡಿದ್ದರು ಎಂದು ಕಾಣುತ್ತದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದರ ಬಗ್ಗೆ ನಿನಗೆ ಲೆಕ್ಕ ಒಪ್ಪಿಸಬೇಕಾದ್ದು ಏನೂ ಇಲ್ಲ. ಒಂದು ಮಾತು ಮಾತ್ರ ತಿಳಿದುಕೋ. ಗುರುತಿಡಲು ಜಾಗ ಬೇಕೆಂದು ನಾನು ಯಾವ ಕುದುರೆಯ ಕಣ್ಣನ್ನೂ ಕಿತ್ತಿಲ್ಲ. ಎರಡೂ ಕಣ್ಣು ಸರಿಯಾಗಿ ಬರೆದ ಮೇಲೆ, ಉಳಿದ ಬಣ್ಣದಲ್ಲಿ ಚುಕ್ಕೆ ಇಡುತ್ತಿದ್ದೆ. ನಿನಗೂ ನನಗೂ ಇರುವ ವ್ಯತ್ಯಾಸ ಅಷ್ಟೇ. ಅದು ಸಣ್ಣದೆಂದು ನಿನಗೆ ಅನ್ನಿಸಿದರೆ ನಾನು ಮಾಡುವಂಥದ್ದು ಏನೂ ಇಲ್ಲ.

ಈಗ ಏನು ಮಾಡಿದ್ದೇನೆಂದು ಕೇಳು. ಸಲಹೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಉಗ್ರಾಣದಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಅಂಗಳಕ್ಕೆ ತರಿಸಿ ಹಳೆಯ ಒತ್ತುಯಂತ್ರದ ಕೆಳಗೆ ಹಾಕಿಸಿದೆ. ಹಿಂದೆ ಜಾರುಬಂಡಿಯ ತಗಡು ಬಗ್ಗಿಸುತ್ತಿದ್ದ ಯಂತ್ರ ಅದು. ಕಾನ್ರಾಡ್ ಅಂಗಿಯ ಗುಂಡಿ ಹಾಕದೆ ಓಡಿಬಂದ.

“ಅಮ್ಮ, ನಿಲ್ಸು! ಬಣ್ಣದ ಟೀವಿ ಇರೋರಿಗಾದ್ರೂ ಮಾರ್ಬೋದು. ಕ್ರಿಸ್‌ಮಸ್ ಹೋಗುತ್ತೆ!”

“ಕ್ರಿಸ್‌ಮಸ್ ಮುಂದಿನ ವರ್ಷಾನೂ ಬರುತ್ತೆ. ಸನ್ನೆಕೋಲು ಎಳಿ.”

“ನಾನು ಎಳೆಯಲ್ಲ.”

ಅವನು ನನಗೆ ಇಲ್ಲ ಎಂದದ್ದು ಅದೇ ಮೊದಲು. ಅಷ್ಟು ವಯಸ್ಸಾದ ಮೇಲೆ. ಸನ್ನೆಕೋಲನ್ನು ನಾನೇ ಎಳೆದೆ. ನಿನ್ನ ಸರೋವರ ಮುರಿಯುವ ಸದ್ದು ವಾಲ್‌ನಟ್ ಒಡೆದಂತಿತ್ತು. ಆಮೇಲೆ ಅವನು ಬಂದು ಚೂರುಗಳನ್ನು ಗುಡಿಸಿದ. ಸಂಜೆ ಬಟ್ಟೆಬರೆಯನ್ನು ಚೀಲಕ್ಕೆ ತುಂಬಿಕೊಂಡು ಡುಲೂತಿಗೆ ಹೊರಟ. ಈಗ ನಿನ್ನ ಮೇಜಿನ ಎದುರಿಗೇ ಕೂತಿರುತ್ತಾನೆ. ಇಟ್ಟುಕೋ, ಅಥವಾ ಕಳಿಸು. ಆರಿಸಿಕೊಳ್ಳುವುದನ್ನು ಕೊನೆಗೂ ಕಲಿತಿದ್ದಾನೆ.

ಮಂಗಳವಾರ ಪೆಟ್ಟಿಗೆ ಅಚ್ಚು ಹಾಕುವ ಗಸ್ ವೋಲ್‌ಬ್ರೆಕ್ಟನ ಅಂಗಡಿಗೆ ಹೋದೆ. ನಮ್ಮ ಪೆಟ್ಟಿಗೆಗಳನ್ನು ಅವನ ಅಪ್ಪನೂ ಅಚ್ಚು ಹಾಕಿದವನೇ. ನಾನು ಬರೆದುಕೊಟ್ಟ ಚೀಟಿ ಹಿಡಿದು ಕನ್ನಡಕವನ್ನು ಹಣೆಗೇರಿಸಿದ.

“ಮೇಡಂ, ನಿಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು?”

“ನಿಂಗೆ ಓದೋಕೆ ಬರುತ್ತಲ್ಲ.”

“ನೋರೀನ್ ಅಂದ್ರೆ... ಹೋದ ಚಳಿಗಾಲ ಓಡಿಹೋದ್ಲಲ್ಲ, ಆ ಸೊಸೆನಾ?”

“ಅವಳೇ. ಅಕ್ಷರ ದಪ್ಪ ಮಾಡು. ದೂರದಿಂದ ಕಾಣ್ಬೇಕು.”

“ನಿಮ್ಮ ಮಾವನವರು ಇದ್ದಿದ್ರೆ...”

“ಅವರಿಲ್ಲ. ನಾನಿದೀನಿ. ಕೆಲ್ಸ ಮಾಡು, ಗಸ್.”

ಹಳೆಯ ಪೆಟ್ಟಿಗೆಗಳನ್ನು ಅವನ ಒಲೆಗೇ ಹಾಕಿಸಿದೆ. ಹೊಸದರ ಮೇಲೆ, ಮಿಲ್ವಾಕೀ ಕಲಾವಿದನ ಸಹಿಗಿಂತ ದೊಡ್ಡದಾಗಿ, ಹೀಗಿದೆ: ಆಟ ಮಾಡಿದವರು ನೋರೀನ್ ರೀಂಡರ್ಸ್. ಕುಲನಾಮವನ್ನು ನಿನ್ನನ್ನು ಕೇಳದೆ ಸೇರಿಸಿದ್ದೇನೆ. ಬೇಡವಾದರೆ ಅಡುಗೆಮನೆಗೆ ಬಂದು ನನ್ನ ಮುಖ ನೋಡಿ ಹೇಳು.

ಇದು ಬಹುಮಾನವೆಂದು ತಿಳಿಯಬೇಡ. ಯಾವ ತಾಯಿಯಾದರೂ ಮಗನ ಮೂಗು ಒರೆಸುತ್ತ “ಆಟ ಕೆಟ್ಟಿದೆಯೇನ್ರೀ?” ಎಂದು ಕೇಳುವಾಗ ಯಾರನ್ನು ಕೇಳಬೇಕೆಂದು ಅವಳಿಗೆ ಗೊತ್ತಿರಬೇಕು. ಹೆಸರು ಮೂಲೆಯ ತೂತಿನಲ್ಲಿದ್ದರೆ ಹುಡುಕಿಕೊಂಡು ಬರುವವರು ಮೆಚ್ಚಲೆಂದೇ ಬರುತ್ತಾರೆ. ಪೆಟ್ಟಿಗೆಯ ಮೇಲಿದ್ದರೆ ಬಯ್ಯಲೂ ಬರುತ್ತಾರೆ. ಇಷ್ಟು ವರ್ಷ ಆ ಬೈಗುಳವನ್ನೆಲ್ಲ ನಾನೊಬ್ಬಳೇ ಕೇಳಿದ್ದೇನೆ.

ಚಿಪ್ ಕಾರ್ಖಾನೆಗೆ ಹೊಸ ಬೇಡಿಕೆ ಹೋಗಿದೆ. ನವೆಂಬರ್ ಕೊನೆಗೆ ಅವರಿಗೆ ಆಟ ಸಿಗಬೇಕು. ಫೆಬ್ರವರಿಗೆ ಅಂಗಡಿಗೆ ಬರುತ್ತದೆ. ನಿಜವಾದ ಸ್ಟರ್ಜನ್ ಹಿಡಿಯುವುದೂ ಆಗಲೇ. ಒಳಗಿನ ಹೆಸರನ್ನು ತೆಗೆದರೆ ಬೂದಿ ಬಣ್ಣಗಳಿಗೆ ಎಷ್ಟು ಜಾಗ ಸಿಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಮಾಡುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಬೇರೆ ಯಾರಿಗೂ ಆ ಕೆಲಸ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಅಚ್ಚಾದ ಪೆಟ್ಟಿಗೆಗಳೆಲ್ಲ ಉಗ್ರಾಣದಲ್ಲಿ ಛಾವಣಿಯವರೆಗೆ ಏರಿ ನಿಂತಿವೆ. ಅವುಗಳಲ್ಲಿ ಒಂದನ್ನು ಇದರೊಂದಿಗೆ ಕಳಿಸಿದ್ದೇನೆ. ನಿನ್ನ ಹೆಸರು ಮೇಲಿದೆ. ತೆರೆದು ನೋಡು, ಒಳಗೆ ಏನೂ ಇಲ್ಲ.

ಹೆಡ್ವಿಗ್